ಪ್ರೆಸ್ಸಿನ ವೈನಿ ಮತ್ತು ಸ್ವೆಟರಿನ ಮಾಸ್ತರು

ಅವರ ಮೂಗಿನ ತುದಿ ನೋಡಿದರೆ ಸಾಕು, ಆ ದಿನ ಪ್ರೆಸ್ಸಿನಲ್ಲಿ ಏನು ಅಚ್ಚಾಗುತ್ತಿದೆ ಎಂಬುದು ಹುಕ್ಕೇರಿಯ ಅರ್ಧ ಬಜಾರಿಗೆ ತಿಳಿದುಬಿಡುತ್ತಿತ್ತು. ಪ್ರೂಫು ನೋಡುವಾಗ ತೋರುಬೆರಳಿನಿಂದ ಮೂಗು ಒತ್ತಿಕೊಳ್ಳುವುದು ಅವರಿಗೆ ರೂಢಿ. ಬೆರಳಿನ ಮಸಿ ಮೂಗಿಗೆ ಹತ್ತುತ್ತಿತ್ತು. ಕೆಂಪಿದ್ದರೆ ಲಗ್ನ. ಹಸಿರಿದ್ದರೆ ಬೀಜದಂಗಡಿಯ ಬಿಲ್ ಬುಕ್ಕು. ನೀಲಿ ಇದ್ದರೆ ಪಂಚಾಯಿತಿ ಚುನಾವಣೆ. ಕಪ್ಪಿದ್ದ ದಿನ ಬಾಜೂ ಅಂಗಡಿಯವರು ಕೈಯಲ್ಲಿದ್ದ ತಕ್ಕಡಿ ಇಳಿಸಿ, "ಯಾರ ಹೋದ್ರು ವೈನಿ?" ಎಂದು ಕೇಳುತ್ತಿದ್ದರು. ಇವರು ಹೋದವರ ಹೆಸರು, ಊರು, ಬೀಗರು ಯಾರು, ದಿನಕರ್ಮ ಯಾವತ್ತು, ಎಲ್ಲವನ್ನೂ ಹೇಳಿಯೇ ಮುಂದೆ ಹೋಗುತ್ತಿದ್ದರು. ಸಂಜೆ ಸೀಮೆಎಣ್ಣೆಯ ಬಟ್ಟೆಯಿಂದ ಕೈ ಒರೆಸಿಕೊಳ್ಳುವವರು ಮೂಗನ್ನು ಮಾತ್ರ ಮರೆಯುತ್ತಿದ್ದರು. ಬಸದಿಗೂ ಹಾಗೆಯೇ ಹೋಗಿ ಬರುತ್ತಿದ್ದರು.

ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತೇವೆ. ಅವರು ಇಡೀ ಬಜಾರಿಗೇ ವೈನಿ. ವಯಸ್ಸಿನಲ್ಲಿ ಹಿರಿಯರಾದವರೂ ವೈನಿ ಎನ್ನುತ್ತಿದ್ದರು. ಜೈನರ ಮನೆತನ. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಗಂಡ ತೀರಿಕೊಂಡ ಮೇಲೆ ಪ್ರೆಸ್ಸು ಮಾರಿಬಿಡುತ್ತಾರೆ ಎಂದು ಎಲ್ಲರೂ ತಿಳಿದಿದ್ದರಂತೆ. ಇವರು ಒಬ್ಬಳೇ ಮಗಳನ್ನು ಸಾಂಗಲಿಗೆ ಕೊಟ್ಟು ಲಗ್ನ ಮಾಡಿ, ಬೀಗರು ಬಸ್ಸು ಹತ್ತಿದ ಮರುದಿನ ಗಂಡನ ಕುರ್ಚಿಯಲ್ಲಿ ಬಂದು ಕುಳಿತರಂತೆ.

ನಾನು ಅವರನ್ನು ಮೊದಲು ನೋಡಿದ್ದು ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಲು ಹೋದಾಗ. ನಮ್ಮದು ಕುರಿ ಕಾಯುವ ಮನೆತನ. ನನ್ನನ್ನು ಬಿಟ್ಟರೆ ನಮ್ಮ ಮನೆಯಿಂದ ಶಾಲೆಯ ಮೆಟ್ಟಿಲು ಹತ್ತಿದ್ದು ನನ್ನ ಹಿಂದೆ ಬಂದ ಒಂದು ಕುರಿಮರಿ ಮಾತ್ರ. ಅದನ್ನು ಹೊರಗೆ ಹಾಕಿದರು, ನಾನು ಉಳಿದೆ. ಗೋಕಾಕದ ಕಾಲೇಜಿನಲ್ಲಿ ಬಿ.ಎ. ಮುಗಿಸಿದೆ. ಮುಗಿಸುವುದು ಎಂದರೆ ನಸುಕಿನ ಬಸ್ಸು, ತಪ್ಪಿದರೆ ಕಬ್ಬಿನ ಟ್ರ್ಯಾಕ್ಟರು, ಅದೂ ಸಿಗದಿದ್ದರೆ ಕಾಲು. ಊರಲ್ಲಿ ನನ್ನ ಹೆಸರು ಹೋಗಿ 'ಬಿ.ಎ.' ಎಂದೇ ಆಗಿತ್ತು. ಅಪ್ಪ ಸರ್ಟಿಫಿಕೇಟನ್ನು ಹೆಗಲ ಕಂಬಳಿಯಲ್ಲಿ ಸುತ್ತಿ ಪ್ರೆಸ್ಸಿಗೆ ತಂದು, ಹಸುಗೂಸನ್ನು ಕೊಡುವ ಹಾಗೆ ಎರಡೂ ಕೈಯಿಂದ ಕೊಟ್ಟ.

ವೈನಿ ಅದನ್ನು ಮೊದಲಿಂದ ಕೊನೆಯ ತನಕ ಓದಿದರು. ಮೂಗು ಒತ್ತಿಕೊಂಡರು.

"ಇಕಿಗೆ ಎಲ್ಲೆರೆ ಕೆಲಸ ಐತೇನು?"

"ಹುಡಕಾಕತ್ತೇವ್ರಿ ಅಕ್ಕಾರ," ಅಪ್ಪ ಹೇಳಿದ.

ನನ್ನ ಕಡೆ ತಿರುಗಿದರು. "ಇಂಗ್ಲೀಷ್ ಓದಾಕ ಬರ್ತೈತೇನವಾ?"

"ಬರ್ತೈತ್ರಿ."

"ತಿಳೀತೈತಿ?"

"ಓದಾಕ ಬರ್ತೈತ್ರಿ."

ಅವರು ನಕ್ಕರು. "ಖರೆ ಹೇಳ್ತಾಳ. ನಾಳಿಂದ ಬರಲಿ," ಎಂದು ಅಪ್ಪನಿಗೆ ಹೇಳಿ ಸರ್ಟಿಫಿಕೇಟನ್ನು ಯಂತ್ರದೊಳಗೆ ಬಿಟ್ಟರು. ಅದು ಆ ಕಡೆಯಿಂದ ಬೆಚ್ಚಗೆ ಹೊರಗೆ ಬರುವಷ್ಟರಲ್ಲಿ ನನಗೆ ಕೆಲಸವಾಗಿತ್ತು.

ಆದರೆ ಆ ಕೆಲಸಕ್ಕೆ ಆಯುಷ್ಯ ಎಷ್ಟು ಎಂಬುದು ಮೊದಲ ವಾರದಲ್ಲಿಯೇ ತಿಳಿಯಿತು. ಅದು ಎರಡು ಸಾವಿರದ ಎಂಟರ ಸುಮಾರು. ಲಗ್ನದ ಗಿರಾಕಿಗಳೆಲ್ಲ ಬಣ್ಣಬಣ್ಣದ ಪತ್ರಿಕೆ ಬೇಕೆಂದು ಸಂಕೇಶ್ವರಕ್ಕೆ, ಅಲ್ಲಿಂದ ಕೊಲ್ಲಾಪುರಕ್ಕೆ ಹೋಗತೊಡಗಿದ್ದರು. ವೈನಿಗೆ ಒಬ್ಬ ಮೈದುನ ಇದ್ದರು, ಮರಾಠಿ ರೂಢಿಯಂತೆ ಅವರನ್ನು ಭಾವಜಿ ಎನ್ನುತ್ತಿದ್ದರು. ಜಾಗ ಇಬ್ಬರ ಹೆಸರಿನಲ್ಲಿತ್ತು. ಪ್ರೆಸ್ಸು ತೆಗೆದು ಅಲ್ಲಿ ಮೊಬೈಲ್ ಅಂಗಡಿ ಹಾಕಬೇಕೆಂಬುದು ಅವರ ಆಸೆ. ಕೆಟ್ಟವರಲ್ಲ, ಆದರೆ ಕಿಸೆಯಲ್ಲಿ ಸದಾ ಒಂದು ಟೇಪು. ಮಾತಾಡಿಸುವ ನೆವದಲ್ಲಿ ಬಂದು, ಚಹಾ ಕುಡಿಯುತ್ತಲೇ ಗೋಡೆ ಅಳೆಯುತ್ತಿದ್ದರು. ವೈನಿ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೇ ಜಗಳವಾಡುತ್ತಿದ್ದರು.

"ಈ ಲಗ್ನದ ಸೀಜನ್ ಒಂದ ನೋಡೂನ್ರಿ ವೈನಿ. ಗಿರಾಕಿ ಬಂದ್ರ ನಿಮ್ಮ ಪ್ರೆಸ್, ಬರಲಿಲ್ಲಂದ್ರ ನನ್ನ ಮೊಬೈಲ್."

"ಆತ್ರಿ ಭಾವಜಿ. ಇಲ್ಲಿ ಮೂಲ್ಯಾಗ ಸ್ವಲ್ಪ ಸಡ್ಲ ಆಗೇತಿ ನೋಡ್ರಿ, ಬರೊಬ್ಬರಿ ಹಿಡೀರಿ ಟೇಪ."

ಪ್ರೆಸ್ಸಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಅದನ್ನು ನಡೆಸುತ್ತಿದ್ದ ಆಪರೇಟರ್ ಬೆಳಗಾವಿಯ ದೊಡ್ಡ ಅಂಗಡಿಗೆ ಹೋಗಿಬಿಟ್ಟಿದ್ದ. ಅದರ ಮೇಲೆ ಹಳೆಯ ಇಳಕಲ್ ಸೀರೆಯ ತುಂಡು ಹೊದಿಸಿದ್ದರು. ಕೊಲ್ಲಾಪುರದಲ್ಲಿ ಬ್ಯಾಂಕಿನಲ್ಲಿದ್ದ ವೈನಿಯ ತಮ್ಮ ತನ್ನ ಕಾರ್ಡಿನಿಂದ ದುಡ್ಡು ಕಟ್ಟಿ, ಡಿಸೈನ್ ಮಾಡುವ ಸಾಫ್ಟ್‌ವೇರ್ ಕಲಿಸುವ ಪರದೇಶದ ಒಂದು ಆನ್‌ಲೈನ್ ಕ್ಲಾಸಿಗೆ ಅಕ್ಕನ ಹೆಸರು ಹಚ್ಚಿಸಿಕೊಟ್ಟ. ಒಂದು ವರ್ಷದ ಚಂದಾ. ಪಾಠಗಳೆಲ್ಲ ವಿಡಿಯೋ, ಎಲ್ಲ ಇಂಗ್ಲಿಷು. ಫೋನ್ ಲೈನಿನ ಮೇಲೆ ಬರುವ ಇಂಟರ್ನೆಟ್ಟು. ಕಲಿಯುವವಳು ನಾನು. ಹೀಗೆ ವೈನಿಯ ಪ್ರೆಸ್ಸು, ನನ್ನ ಬಿ.ಎ., ಎರಡೂ ಆ ಇಂಗ್ಲಿಷಿನ ಕೈಗೆ ಬಂದವು.

ಪಾಠ ಹೇಳುವವರು ಬೋಳುತಲೆಯ, ಕೆಂಪು ಗಡ್ಡದ ಒಬ್ಬ ಸಾಹೇಬರು. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಅವರ ಮುಖ, ಉಳಿದ ಜಾಗದಲ್ಲಿ ಅವರು ಮಾಡುವ ಕೆಲಸ. ಯಾವಾಗಲೂ ಒಂದು ದಪ್ಪ ಸ್ವೆಟರು. ವೈನಿ ಮೊದಲ ದಿನವೇ ಅವರಿಗೆ ಮಾಸ್ತರು ಎಂದು ಹೆಸರಿಟ್ಟರು. ಆ ಮೇಲೆ ಅವರ ಎದುರು ಚಪ್ಪಲಿ ಹಾಕಿಕೊಂಡು ಕೂರುವ ಹಾಗಿಲ್ಲ, ತಿನ್ನುವ ಹಾಗಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ನನ್ನ ಮೇಲಿದ್ದ ಟೇಬಲ್ ಫ್ಯಾನನ್ನು ಪರದೆಯ ಕಡೆ ತಿರುಗಿಸಿದರು.

"ವೈನಿ, ನನಗ ಸೆಕಿ ಆಗಾಕತ್ತೈತ್ರಿ."

"ನೀ ಹತ್ತಿ ಅರಬಿ ಹಾಕ್ಕೊಂಡಿ. ಅವರ ಮೈಮ್ಯಾಲ ನೋಡು, ಉಣ್ಣಿ."

ಅದು ಉಣ್ಣೆಯ ಮನೆಯಿಂದ ಬಂದ ನನಗೆ ಹೇಳುವ ಮಾತೇ? ಕಂಪ್ಯೂಟರಿಗೂ ಗಾಳಿ ಬೇಕಷ್ಟೆ ಎಂದು ಸುಮ್ಮನಾದೆ.

ಇಂಟರ್ನೆಟ್ಟು ನಡುನಡುವೆ ನಿಲ್ಲುತ್ತಿತ್ತು. ಆಗ ಮಾಸ್ತರು ಬಾಯಿ ತೆರೆದಲ್ಲೇ ನಿಂತುಬಿಡುತ್ತಿದ್ದರು. ವೈನಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ. "ಪಾಪ, ಬಾಯಿ ಮುಚ್ಚಾಕರೆ ಬಿಡಬಾರದ ಅವರಿಗೆ," ಎಂದು ಟೆಲಿಫೋನಿನವರನ್ನು ಬೈದು, ಸೀರೆಯ ತುಂಡನ್ನು ಪರದೆಯ ಮೇಲೆ ಎಳೆದು, ಮತ್ತೆ ಮಾತು ಕೇಳಿಸಿದಾಗ ತೆಗೆಯುತ್ತಿದ್ದರು. ಕರೆಂಟು ಹೋದರೆ ಮಾತ್ರ ಅವರಿಗೆ ಸಮಾಧಾನ. "ಇರ್ಲಿ, ಅವರೂ ಚಹಾ ಕುಡದ ಬರ್ತಾರ," ಎನ್ನುತ್ತಿದ್ದರು.

ಮಾಸ್ತರರ ಇಂಗ್ಲಿಷಿಗೂ ನನ್ನ ಇಂಗ್ಲಿಷಿಗೂ ಹಿಂದೆಂದೂ ಪರಿಚಯವಿರಲಿಲ್ಲ. ಒಂದೊಂದು ಪಾಠವನ್ನು ಹಿಂದಕ್ಕೆ ಮುಂದಕ್ಕೆ ಎಳೆದು, ಅವರ ಬಾಣದ ಗುರುತು ಎಲ್ಲೆಲ್ಲಿ ಹೋಗುತ್ತದೆಯೋ ನೋಡಿ, ಅಲ್ಲಲ್ಲಿ ನನ್ನದನ್ನೂ ಒಯ್ಯುತ್ತಿದ್ದೆ. ನಾಯಿಯ ಹಿಂದೆ ಕುರಿ ಹೋಗುವ ಹಾಗೆ. ಸಾಲಿನಲ್ಲಿ ಒಂದೆರಡು ಶಬ್ದ ತಿಳಿದರೆ ಉಳಿದದ್ದು ಕೈಗೆ ತಿಳಿಯುತ್ತಿತ್ತು. ವೈನಿ ಹಿಂದಿನ ಸ್ಟೂಲಿನ ಮೇಲೆ ಕುಳಿತು ಪ್ರತಿ ಮಾತಿಗೂ, "ಏನಂದ್ರು?" ಎಂದು ಕೇಳುತ್ತಿದ್ದರು. ತಿಳಿಯದಿದ್ದಾಗ ನಾನು, "ಮುಂದ ಹೇಳ್ತೇನಿ ಅಂದ್ರು ನೋಡ್ರಿ," ಎನ್ನುತ್ತಿದ್ದೆ. ಸ್ವಲ್ಪ ದಿನದ ಮೇಲೆ ವೈನಿ, "ಈ ಮಾಸ್ತರ ಭಾಳ ಮುಂದ ಹಾಕ್ತಾರವಾ," ಎಂದರು.

ದುಡ್ಡು ಕಟ್ಟಿದ ಪಾಠ ಎಂಬುದೊಂದು ಅವರ ತಲೆಯಲ್ಲಿ ಕುಳಿತಿತ್ತು. ನಮಗೆ ಬೇಕಾದದ್ದನ್ನು ಮಾತ್ರ ನೋಡೋಣ ಎಂದರೆ ಒಪ್ಪುತ್ತಿರಲಿಲ್ಲ. "ಬಿಟ್ಟರ ಅದು ಅವರಿಗೇ ಉಳೀತೈತಲ್ಲ. ಎಲ್ಲಾ ಹಚ್ಚು." ಹಾಗಾಗಿ ಹಾಲಿನ ಡಬ್ಬಿಗೆ ಚೀಟಿ ಮಾಡುವುದು, ಹಡಗಿನ ಕಂಪನಿಗೆ ಗುರುತು ಮಾಡುವುದು, ಹಿಮದ ಮೇಲೆ ಜಾರುವುದನ್ನು ಕಲಿಸುವ ಶಾಲೆಗೆ ಜಾಹೀರಾತು ಮಾಡುವುದು, ಎಲ್ಲವನ್ನೂ ಕಲಿತೆ. ಹಿಮ ಮಾತ್ರ ನನಗೆ ಬಹಳ ಚೆನ್ನಾಗಿ ಬಂತು. ಹುಕ್ಕೇರಿ ತಾಲೂಕಿನಲ್ಲಿ ನನ್ನಷ್ಟು ಚಂದ ಹಿಮ ಬೀಳಿಸುವವರು ಬೇರೆ ಯಾರೂ ಇರಲಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

"ಕಲತದ್ದ ಹಂಗ ಇಟ್ಟರ ತುಕ್ಕ ಹಿಡೀತೈತಿ," ಎಂದರು ವೈನಿ. ಆ ವಾರ ಕೊಣ್ಣೂರಿನ ಕಬ್ಬಿನ ರೈತರೊಬ್ಬರ ಹೊಸ ಮನೆಯ ವಾಸ್ತುಶಾಂತಿ ಪತ್ರಿಕೆ ಬಂದಿತ್ತು. ಮನೆಯ ಚಿತ್ರ ಬರೆದು ಮಾಳಿಗೆಯ ಮೇಲೆ ಹಿಮ ಹಾಕಿದೆ. ತುಳಸಿಕಟ್ಟೆಯ ಮೇಲೂ ಸ್ವಲ್ಪ ಬಿತ್ತು.

ರೈತರು ಪ್ರೂಫನ್ನು ಬೆಳಕಿಗೆ ಹಿಡಿದರು. "ಇದೇನ್ರಿ, ಮಾಳಗಿ ಮ್ಯಾಲ ಬೆಳ್ಳಗ?"

ವೈನಿ ಬಿಲ್ಲು ಬರೆಯುತ್ತಿದ್ದವರು ತಲೆ ಎತ್ತದೆ, "ಸಕ್ಕರಿ," ಎಂದರು.

"ಸಕ್ಕರಿ?"

"ಮತ್ತ ನೀವು ಯಾತರ ಮ್ಯಾಲ ಕಟ್ಟಸೀರಿ ಮನಿ? ಕಬ್ಬಿನ ಮ್ಯಾಲಲ್ಲ?"

ಆ ಮನುಷ್ಯ ಪ್ರೂಫನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಆಮೇಲೆ ನಿಧಾನವಾಗಿ ಮುಖ ಅರಳಿತು. "ಹೌದಲ್ಲ. ತುಳಸಿಕಟ್ಟಿಗೂ ಹಾಕೀರಿ. ಬಾಗಲದಾಗೂ ಸ್ವಲ್ಪ ಸುರೀರಿ ಹಂಗಾರ."

ಸುರಿದೆ. ಸಕ್ಕರೆಯ ಪತ್ರಿಕೆ ಕಬ್ಬಿನ ಮಂದಿಯ ಕೈಯಿಂದ ಕೈಗೆ ಹೋಗಿ ಸಂಕೇಶ್ವರ ಮುಟ್ಟಿತು. ಅಲ್ಲಿಂದ ಒಂದು ದಿನ ದೊಡ್ಡ ಮನೆತನದ ಯಜಮಾನರೊಬ್ಬರು ಜೀಪಿನಲ್ಲಿ ಬಂದಿಳಿದರು. ಮಗಳ ಲಗ್ನ. ಯಾವಾಗಲೂ ಕೊಲ್ಲಾಪುರದಲ್ಲಿ ಪತ್ರಿಕೆ ಮಾಡಿಸುವವರು. "ನಮ್ಮ ಹುಡುಗೀದೂ ಹೊಸಾ ನಮೂನಿ ಆಗಬೇಕ್ರಿ," ಎಂದರು. ಅವರು ಹೋದ ಮೇಲೆ ವೈನಿ ಸೆರಗಿನಿಂದ ಮುಖ ಒರೆಸಿಕೊಂಡರು. "ಬಿ.ಎ., ಇದೊಂದ ಛಲೋ ಆತಂದ್ರ ಆ ಕಡೆ ಮಂದಿ ಎಲ್ಲಾ ಇಲ್ಲೇ ಬರ್ತಾರ. ಆಗಲಿಲ್ಲಂದ್ರ ಭಾವಜಿ ಟೇಪ ತಂದೇ ಬಿಡ್ತಾರ." ನನ್ನ ಕೆಲಸ ಹೋಗುತ್ತದೆ ಎಂದು ಅವರು ಹೇಳಲಿಲ್ಲ. ಅದು ನನಗೆ ತಿಳಿದಿತ್ತು.

ಆಗ ತಾನೇ ಮಾಸ್ತರು ಖಾಲಿ ಜಾಗದ ಪಾಠ ಮಾಡಿದ್ದರು. ಕಾಗದವನ್ನು ತುಂಬಬಾರದು, ಕಣ್ಣಿಗೆ ಉಸಿರಾಡಲು ಜಾಗ ಬಿಡಬೇಕು, ಮುಖ್ಯವಾದದ್ದು ಒಂದೇ ಇರಬೇಕು. ನಾನು ಹಾಗೆಯೇ ಮಾಡಿದೆ. ದೊಡ್ಡ ಕೆನೆಬಣ್ಣದ ಕಾಗದ, ನಡುವೆ ಹುಡುಗ ಹುಡುಗಿಯ ಹೆಸರು, ಕೆಳಗೆ ದಿನ ಮತ್ತು ಲಗ್ನದ ಮಂಗಲ ಕಾರ್ಯಾಲಯ. ಸುತ್ತ ಏನೂ ಇಲ್ಲ. ನನಗೆ ಬಹಳ ಹಿಡಿಸಿತು.

ವೈನಿಗೆ ಹಿಡಿಸಲಿಲ್ಲ. "ಇಷ್ಟ ಖಾಲಿ ಬಿಟ್ಟರ ಮಂದಿ ಏನಂತಾರ? ಇವರ ಮನ್ಯಾಗ ಯಾರೂ ಉಳದಿಲ್ಲ ಅಂತಾರ."

"ಮಾಸ್ತರ ಹೇಳ್ಯಾರ್ರಿ ವೈನಿ."

ಮಾಸ್ತರ ಹೆಸರು ಬಂದರೆ ಅವರು ಸುಮ್ಮನಾಗುತ್ತಿದ್ದರು. ಯಜಮಾನರನ್ನು ಕರೆದು ತೋರಿಸಿದರು. ಅವರು ನೋಡಿದರು, ಕಾಗದವನ್ನು ತಿರುವಿ ಹಾಕಿದರು, ಹಿಂದೆ ಏನೂ ಇರಲಿಲ್ಲ. ಮತ್ತೆ ತಿರುವಿದರು.

"ಛಂದ ಐತ್ರಿ. ಉಳದದ್ದ ಎಲ್ಲೈತ್ರಿ?"

ಉಳಿದದ್ದು ಅವರ ಅಂಗಿಯ ಕಿಸೆಯಲ್ಲಿತ್ತು. ಅರಿಷಿಣ ಹಚ್ಚಿದ ಹಾಳೆ. ಆಮಂತ್ರಿಸುವವರ ಹೆಸರುಗಳು. ನಮ್ಮ ಕಡೆ ಪತ್ರಿಕೆಯಲ್ಲಿ ಹೆಸರು ಹಾಕುವುದೆಂದರೆ ಸುಮ್ಮನೆ ಹಾಕುವುದಲ್ಲ. ದೊಡ್ಡಪ್ಪಂದಿರು, ಕಾಕಾಗಳು, ಸೋದರಮಾವಂದಿರು, ಅತ್ತೆಯ ಗಂಡಂದಿರು, ತೀರಿಹೋದ ಅಜ್ಜಂದಿರ ಆಶೀರ್ವಾದ ಬೇರೆ, ಮುದ್ದು ಮಕ್ಕಳ 'ನಮ್ಮ ಅಕ್ಕನ ಮದುವೆಗೆ ಬನ್ನಿ' ಬೇರೆ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದರ ಮೇಲೆ ಮುಂದಿನ ಹತ್ತು ವರ್ಷ ಯಾರ ಮನೆಗೆ ಯಾರು ಹೋಗುತ್ತಾರೆ ಎಂಬುದು ನಿಂತಿರುತ್ತದೆ.

ಯಜಮಾನರ ಕಷ್ಟ ಇಷ್ಟು. ಅವರ ಅಣ್ಣ, ಅಂದರೆ ಹುಡುಗಿಯ ದೊಡ್ಡಪ್ಪ, ಮನೆತನದ ಹಿರಿಯ. ಅವರ ಹೆಸರು ಮೊದಲು ಬರಬೇಕು. ಆದರೆ ಹುಡುಗಿ ಬೆಳೆದದ್ದು ಮೂಡಲಗಿಯ ಸೋದರಮಾವನ ಮನೆಯಲ್ಲಿ. ಆ ಮಾವ, ನನ್ನ ಹೆಸರು ಎರಡನೆಯದಾದರೆ ನಾನು ಲಗ್ನಕ್ಕೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ದೊಡ್ಡಪ್ಪನೂ ಅದನ್ನೇ ಹೇಳಿದ್ದರು. ಬಾಜೂಬಾಜೂ ಹಾಕೋಣ ಎಂದರೆ ಎಡಗಡೆಯದು ಮೊದಲು ಓದುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಇಬ್ಬರೂ ಮ್ಯಾಲ ಬರಬೇಕ್ರಿ," ಎಂದರು ಯಜಮಾನರು. "ಇಲ್ಲಾಂದ್ರ ಪತ್ರಿಕಿ ಮಾಡಸೂದೇ ಬ್ಯಾಡ. ಬಾಯಿಲೆ ಹೇಳಿ ಬಂದಬಿಡ್ತೇನಿ."

ಪತ್ರಿಕೆ ಮಾಡಿಸುವುದೇ ಬೇಡ ಎಂಬ ಮಾತು ಕೇಳಿ ವೈನಿ ಕುರ್ಚಿಯಿಂದ ಎದ್ದೇಬಿಟ್ಟರು. ಎರಡು ದಿನ ಕೊಡಿ ಎಂದು ಅವರನ್ನು ಕಳಿಸಿ ನನ್ನ ಹಿಂದೆ ಬಂದು ನಿಂತರು.

"ರೊಕ್ಕಾ ಕಟ್ಟೇವಿ. ಮಾಸ್ತರನ್ನ ಕೇಳು."

ಚಂದಾ ಕಟ್ಟಿದವರು ಬರೆದು ಪ್ರಶ್ನೆ ಕೇಳಬಹುದಿತ್ತು. ನಾನು ಅಲ್ಲಿಯ ತನಕ ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ, ಇಂಗ್ಲಿಷಿನ ಭಯಕ್ಕೆ. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಬರೆದೆ. ಇಷ್ಟು ಹೆಸರುಗಳಿವೆ, ಕಾಗದ ಇಷ್ಟೇ ಇದೆ, ಇಬ್ಬರು ಹಿರಿಯರು ಒಂದೇ ಜಾಗದಲ್ಲಿ ಮೊದಲು ಬರಬೇಕು, ಹೇಗೆ ಮಾಡಬೇಕು ಸರ್. ಹೆಸರಿನ ಹಾಳೆಯನ್ನೂ ಸ್ಕ್ಯಾನ್ ಮಾಡಿ ಜೋಡಿಸಿದೆ.

ಮರುದಿನ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ವೈನಿ ಸೆರಗು ಸರಿ ಮಾಡಿಕೊಂಡು ಕುಳಿತರು. ನಾನು ಓದಿ ಹೇಳಿದೆ. ಮಾಸ್ತರು ಮೊದಲು, ಇವರೆಲ್ಲ ಯಾರು ಎಂದು ಕೇಳಿದ್ದರು. ಇದು ಸಿನಿಮಾದ ಕೊನೆಯಲ್ಲಿ ಬರುವ ಹೆಸರುಗಳಂತಿದೆ ಎಂದಿದ್ದರು. ಹುಡುಗ, ಹುಡುಗಿ, ತಂದೆತಾಯಿ ಸಾಕು, ಉಳಿದವರನ್ನೆಲ್ಲ ತೆಗೆದುಬಿಡಿ, ಅವರು ಖಂಡಿತ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಮುಗಿಸಿದ್ದರು.

ವೈನಿ ಮೂಗು ಒತ್ತಿಕೊಂಡರು.

"ಒಬ್ಬನೇ ಮಗಾ ಇರಬೇಕು," ಎಂದರು ಕೊನೆಗೆ. ಸಿಟ್ಟಿರಲಿಲ್ಲ, ಮರುಕವಿತ್ತು. "ಕಾಕಾ ಇಲ್ಲ, ಮಾವ ಇಲ್ಲ. ಅದಕ್ಕ ಅಷ್ಟ ಜಾಗಾ ಖಾಲಿ ಬಿಡಾಕ ಆಗ್ತೈತಿ ಅವರಿಗೆ. ಬರಿ, ನಮ್ಮ ಕಡೆ ಒಮ್ಮಿ ಬಂದ ಹೋಗ್ರಿ, ಲಗ್ನದಾಗ ಊಟಾ ಮಾಡಿ ಹೋಗ್ರಿ ಅಂತ ಬರಿ."

ಬರೆದೆ. ಅವರು ಧನ್ಯವಾದ ಹೇಳಿದರು. ಸಮಸ್ಯೆ ಅಲ್ಲಿಯೇ ಉಳಿಯಿತು.

ಅದೇ ಮಧ್ಯಾಹ್ನ ಮುಂದಿನ ಪಾಠ ಹಾಕಿದೆ, ಬೇರೆ ಏನು ಮಾಡಬೇಕೆಂದು ತಿಳಿಯದೆ. ಅದು ಲೇಯರುಗಳ ಪಾಠ. ಒಂದೇ ಚಿತ್ರವನ್ನು ಗಾಜಿನ ಹಾಳೆಗಳ ಹಾಗೆ ಒಂದರ ಮೇಲೊಂದು ಇಡುವುದು. ಪ್ರತಿ ಹಾಳೆಯ ಮುಂದೆ ಒಂದು ಕಣ್ಣಿನ ಗುರುತು. ಕಣ್ಣನ್ನು ಒತ್ತಿದರೆ ಆ ಹಾಳೆ ಮಾಯ, ಮತ್ತೆ ಒತ್ತಿದರೆ ಹಾಜರು. ನಾನು ಸಂಕೇಶ್ವರದ ಪತ್ರಿಕೆಯ ಮೇಲೆಯೇ ಅದನ್ನು ಮಾಡಿ ನೋಡುತ್ತಿದ್ದೆ. ದೊಡ್ಡಪ್ಪನ ಹೆಸರು ಮೇಲಿದ್ದ ಸಾಲುಗಳು ಒಂದು ಲೇಯರು, ಮಾವನ ಹೆಸರು ಮೇಲಿದ್ದವು ಇನ್ನೊಂದು. ಯಾವುದು ಕಡಿಮೆ ಜಗಳದ್ದು ಎಂದು ಒಮ್ಮೆ ಇದನ್ನು, ಒಮ್ಮೆ ಅದನ್ನು ತೋರಿಸಿ ನೋಡುತ್ತಿದ್ದೆ.

ಹಿಂದೆ ಸ್ಟೂಲು ಕಿರ್ ಎಂದಿತು.

"ಏ ಬಿ.ಎ., ಈಗೇನ ಮಾಡಿದಿ? ಮತ್ತೊಮ್ಮಿ ಮಾಡು."

ಮಾಡಿದೆ. ದೊಡ್ಡಪ್ಪ ಹೋದರು, ಮಾವ ಬಂದರು. ಮಾವ ಹೋದರು, ದೊಡ್ಡಪ್ಪ ಬಂದರು.

"ಅಂದ್ರ ಎರಡೂ ಅದರಾಗ ಅದಾವು."

"ಅದಾವ್ರಿ."

"ಹಂಗಾರ ಮೂಡಲಗಿ ಕಡೆ ಮಂದಿಗೆ ಮಾವಂದು. ಸಂಕೇಶ್ವರದ ಕಡೆಯವರಿಗೆ ದೊಡ್ಡಪ್ಪಂದು."

"ವೈನಿ, ಇಬ್ಬರೂ ಕೂಡಿ ನೋಡಿದ್ರ?"

"ಲಗ್ನಕ್ಕ ಬಂದ ಮ್ಯಾಲ ನೋಡ್ತಾರಲ್ಲ. ಬಂದಾರಲ್ಲ ಆಗ."

ಹಳೆಯ ಕಾಲದಲ್ಲಿ ಹೀಗೆ ಮಾಡಬೇಕೆಂದರೆ ಮೊಳೆ ಅಕ್ಷರಗಳನ್ನೆಲ್ಲ ಕೆಡವಿ ಮತ್ತೆ ಜೋಡಿಸಬೇಕಿತ್ತು, ಯಾರಿಗೂ ಅದು ಹೊಳೆಯುತ್ತಲೂ ಇರಲಿಲ್ಲ. ಈಗ ಒಂದು ಕಣ್ಣು ಮುಚ್ಚಿದರೆ ಸಾಕು. ಬಣ್ಣದ ಭಾಗವನ್ನು ಕೊಲ್ಲಾಪುರದಲ್ಲಿ ಹೊಡೆಸಿ ತಂದು, ಹೆಸರುಗಳನ್ನು ನಮ್ಮಲ್ಲೇ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಹಾಕಿದೆವು. ಎರಡು ಸ್ಕ್ರೀನು, ಎರಡು ಗಂಟು. ಗುರುತು ತಪ್ಪದಿರಲಿ ಎಂದು ಮೂಡಲಗಿಯ ಗಂಟಿಗೆ ಹಸಿರು ದಾರ, ಸಂಕೇಶ್ವರದ್ದಕ್ಕೆ ಬಿಳಿ ದಾರ. ಯಜಮಾನರಿಗೆ ವಿಷಯ ಹೇಳಿದಾಗ ಅವರು ಮೊದಲು ಬಾಗಿಲ ಕಡೆ ನೋಡಿ, ಆಮೇಲೆ ದನಿ ತಗ್ಗಿಸಿ, "ನನಗ ಇದು ಗೊತ್ತಿಲ್ರಿ," ಎಂದು ಎರಡೂ ಗಂಟು ಜೀಪಿಗೆ ಹಾಕಿಸಿಕೊಂಡರು.

ಲಗ್ನಕ್ಕೆ ನಮ್ಮನ್ನೂ ಕರೆದಿದ್ದರು. ನಾನು ಒಲ್ಲೆ ಎಂದೆ. ವೈನಿ, "ಹೋಗಲಿಲ್ಲಂದ್ರ ಅನುಮಾನ ಬರ್ತೈತಿ," ಎಂದು ಕೈ ಹಿಡಿದು ಬಸ್ಸು ಹತ್ತಿಸಿದರು. ಅಕ್ಷತೆ ಸುಸೂತ್ರವಾಗಿ ಬಿತ್ತು. ದೊಡ್ಡಪ್ಪ ಬಂದಿದ್ದರು, ಮೂಡಲಗಿಯ ಮಾವ ತಲೆಗೆ ದೊಡ್ಡ ಪಟಗ ಸುತ್ತಿಕೊಂಡು ಬಂದಿದ್ದರು. ಊಟದ ಪಂಕ್ತಿಯಲ್ಲಿ ಯಾವ ಪುಣ್ಯಾತ್ಮನೋ ಇಬ್ಬರನ್ನೂ ಬಾಜೂಬಾಜೂ ಕೂರಿಸಿದ. ನಾವು ಅವರ ಎದುರು ಸಾಲಿನಲ್ಲಿದ್ದೆವು.

ಯಾರೋ ಬೀಗರ ಊರು ಯಾವುದು ಎಂದು ಕೇಳಿದರು. ಮಾವ, "ಪತ್ರಿಕ್ಯಾಗ ಐತಲ್ಲ," ಎಂದು ಕಿಸೆಯಿಂದ ಪತ್ರಿಕೆ ತೆಗೆದು, ತಮ್ಮ ಹೆಸರು ಎಲ್ಲರಿಗೂ ಕಾಣುವ ಹಾಗೆ ಬಿಚ್ಚಿದರು. ದೊಡ್ಡಪ್ಪ ಬಗ್ಗಿ ನೋಡಿದರು. ಆಮೇಲೆ ನಿಧಾನವಾಗಿ ತಮ್ಮ ಕಿಸೆಗೆ ಕೈ ಹಾಕಿ, ತಮ್ಮ ಪತ್ರಿಕೆ ತೆಗೆದು, ಮಾವನ ಎಲೆಯ ಪಕ್ಕಕ್ಕೆ ಇಟ್ಟರು.

ಯಜಮಾನರು ತು‌ಪ್ಪ ಬಡಿಸುತ್ತ ಬರುತ್ತಿದ್ದವರು ಅಲ್ಲೇ ನಿಂತರು. ಮಿಳ್ಳಿಯಿಂದ ತುಪ್ಪ ಯಾರದೋ ಅನ್ನದ ಮೇಲೆ ಸುಮ್ಮನೆ ಸುರಿಯುತ್ತಲೇ ಇತ್ತು. ನಾನು ಹಿಡಿದ ಹೋಳಿಗೆಯನ್ನು ಎಲೆಗೆ ಇಟ್ಟೆ. ಗೋಡೆ ಅಳೆಯುವ ಟೇಪಿನ ಸದ್ದು ಕಿವಿಯಲ್ಲಿ ಕೇಳಿಸಿತು. ವೈನಿ ಮಾತ್ರ ತಲೆ ತಗ್ಗಿಸಿ ಬದನೆಕಾಯಿ ಪಲ್ಯ ಉಣ್ಣುತ್ತಿದ್ದರು.

ಇಬ್ಬರೂ ಎರಡು ಪತ್ರಿಕೆಗಳನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ, ಏನೂ ಆಗಿಲ್ಲವೆಂಬಂತೆ, ಇಬ್ಬರೂ ತಮ್ಮ ತಮ್ಮ ಪತ್ರಿಕೆ ಮಡಚಿ ಕಿಸೆಗೆ ಇಟ್ಟುಕೊಂಡರು. ಮಾವ ತಮ್ಮ ಎಲೆಯ ಹೋಳಿಗೆಯನ್ನು ಎತ್ತಿ ದೊಡ್ಡಪ್ಪನ ಎಲೆಗೆ ಇಟ್ಟರು.

ಕೈ ತೊಳೆಯುವ ಜಾಗದಲ್ಲಿ ದೊಡ್ಡಪ್ಪ ವೈನಿಯ ಹತ್ತಿರ ಬಂದರು. ದನಿ ತಗ್ಗಿಸಿ ಹೇಳಿದರು, "ಮೂಡಲಗಿಯಾವ್ರ ಪತ್ರಿಕ್ಯಾಗ ಹೆಸರ ಹಿಂದಮುಂದ ಆಗ್ಯಾವ್ರಿ. ಛಾಪಿನ ತಪ್ಪ. ಇರ್ಲಿ, ಅವರಿಗೆ ಹೇಳಾಕ ಹೋಗಬ್ಯಾಡ್ರಿ. ಖುಷೀಲೆ ಅದಾರ, ಮನಸ್ಸಿಗೆ ಹಚ್ಕೊಂತಾರ."

"ನಿಮ್ಮದ ದೊಡ್ಡ ಮನಸ್ಸ್ರಿ," ಎಂದರು ವೈನಿ.

ನಾವು ಬಸ್‌ಸ್ಟ್ಯಾಂಡಿನ ಕಡೆ ಹೊರಟಾಗ ಹಿಂದಿನಿಂದ ಮಾವ ಪಟಗ ಹಿಡಿದುಕೊಂಡು ಬಿರಬಿರನೆ ಬಂದರು. "ಅಕ್ಕಾರ, ಒಂದ ಮಾತ್ರಿ. ಆ ಹಿರ್ಯಾರ ಪತ್ರಿಕಿ ಒಂದ ತಪ್ಪ ಬಿದ್ದೈತಿ. ವಯಸ್ಸಾದಾವ್ರು. ನಾ ಏನೂ ಅನ್ನಲಿಲ್ಲ. ನೀವೂ ಅನಬ್ಯಾಡ್ರಿ."

"ನಿಮ್ಮದ ದೊಡ್ಡ ಮನಸ್ಸ್ರಿ," ಎಂದರು ವೈನಿ, ಮೊದಲಿನಷ್ಟೇ ಭಕ್ತಿಯಿಂದ.

ಬಸ್ಸಿನಲ್ಲಿ ಕುಳಿತ ಮೇಲೆ ಅವರು ಸೆರಗು ಬಾಯಿಗೆ ಒತ್ತಿ ನಕ್ಕದ್ದು ನೋಡಿ ಕಂಡಕ್ಟರ್ ನೀರು ಬೇಕೇನ್ರಿ ಎಂದು ಕೇಳಿದ. ನಾನು ಆ ಹೊತ್ತಿಗೆ ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ.

ಆ ಸೀಜನ್ನಿನಲ್ಲಿ ಗಿರಾಕಿಗಳು ಬಂದರು. ಗುಟ್ಟು ಹೇಗೆ ಹೊರಬಿತ್ತೋ, ಯಜಮಾನರೇ ಹೇಳಿರಬೇಕು. ಒಬ್ಬೊಬ್ಬರೇ ಬಂದು, ಆಚೆ ಈಚೆ ನೋಡಿ, "ನಿಮ್ಮಲ್ಲಿ ಆ ಕಣ್ಣ ಮುಚ್ಚೂ ಪತ್ರಿಕಿ ಮಾಡ್ತಾರಂತಲ್ಲ," ಎಂದು ಕೇಳುತ್ತಿದ್ದರು. ಅಣ್ಣತಮ್ಮಂದಿರು ಜಾಸ್ತಿ ಇದ್ದ ಮನೆಗಳಿಗೆ ದಾರದ ಬಣ್ಣ ಸಾಲದೆ ಬಂತು. ಭಾವಜಿ ಮತ್ತೆ ಟೇಪು ಹಿಡಿದು ಬಂದರು. ಗೋಡೆ ಬಿಟ್ಟು ನನ್ನ ಟೇಬಲ್ಲಿನ ಬಾಜೂ ಅಳೆದರು. "ವೈನಿ, ಇನ್ನೊಂದ ಕಂಪ್ಯೂಟರ್ ಇಲ್ಲಿ ಆರಾಮ ಕುಂದರತೈತ್ರಿ," ಎಂದು ಚಹಾ ಮುಗಿಸಿ ಹೋದರು. ಅವರ ಮಗನ ಲಗ್ನದಲ್ಲಿ ಅವರದೂ ಮೂರು ದಾರದ ಪತ್ರಿಕೆಯೇ.

ಚಂದಾ ಮುಗಿಯುವ ದಿನ ಬಂತು. ಕೊನೆಯ ಪಾಠಕ್ಕೆ ವೈನಿ ತಲೆಯ ಮೇಲಿಂದ ಸ್ನಾನ ಮಾಡಿ ಬಂದಿದ್ದರು. ಮನೆಗೆ ಬಂದ ದೊಡ್ಡವರಿಗೆ ಮಾಡುವ ಹಾಗೆ ಆಹೇರಿ ತಂದಿದ್ದರು. ಒಂದು ಟಾವೆಲ್ಲು, ಒಂದು ಬಿಳಿ ಟೊಪ್ಪಿಗೆ, ಒಂದು ತೆಂಗಿನಕಾಯಿ. ಮಾಸ್ತರು ಪಾಠ ಮುಗಿಸಿ ಕೈ ಬೀಸುವಾಗ ಇಂಟರ್ನೆಟ್ಟು ನಿಂತು, ಅವರು ಬಾಯಿ ತೆರೆದು ಕೈ ಎತ್ತಿ ಆಶೀರ್ವಾದ ಮಾಡುವವರ ಹಾಗೆ ಕಂಡರು. ವೈನಿ ಟಾವೆಲ್ಲನ್ನು ಪರದೆಯ ಮೇಲೆ ಹೊದಿಸಿ, ಟೊಪ್ಪಿಗೆ ಮೇಲಿಟ್ಟು, ಕಾಯಿಯನ್ನು ಕೀಬೋರ್ಡಿನ ಮೇಲೆ ಇಟ್ಟರು. ಕಾಯಿಯ ಭಾರಕ್ಕೆ ಒಂದು ಅಕ್ಷರ ಒತ್ತಿಕೊಂಡು ಕಂಪ್ಯೂಟರ್ ಕುಂಯ್ ಕುಂಯ್ ಎನ್ನತೊಡಗಿತು. "ನೋಡು, ಮುಟ್ಟಿತು ಅವರಿಗೆ," ಎಂದರು.

ಆಮೇಲೆ ನಾವಿಬ್ಬರೂ ಬಹಳ ವರ್ಷ ಆ ಪ್ರೆಸ್ಸು ನಡೆಸಿದೆವು. ನನ್ನ ಲಗ್ನದ ಪತ್ರಿಕೆಯನ್ನು ನಾನೇ ಮಾಡಿದೆ. ಅಪ್ಪನ ಹಟ ಒಂದೇ, ನನ್ನ ಹೆಸರಿನ ಮುಂದಿನ 'ಬಿ.ಎ.' ಹುಡುಗನ ಹೆಸರಿಗಿಂತ ದೊಡ್ಡದಿರಬೇಕು. ಮುಖ್ಯವಾದದ್ದು ಒಂದೇ ಇರಬೇಕು ಎಂದು ಮಾಸ್ತರೂ ಹೇಳಿದ್ದರಲ್ಲ ಎಂದು ವೈನಿ ಅಪ್ಪನ ಪಕ್ಷ ಹಿಡಿದರು. ಬೀಗರ ಪಾಲಿನ ಗಂಟಿಗೆ ಬೇರೆ ದಾರ ಕಟ್ಟಿದರು. ನನ್ನ ಗಂಡ ದೊಡ್ಡ 'ಬಿ.ಎ.' ಇದ್ದ ನಮ್ಮ ಪಾಲಿನ ಪತ್ರಿಕೆಯನ್ನು ಇಂದಿಗೂ ನೋಡಿಲ್ಲ.

ಜನ ನನ್ನನ್ನು ಕೇಳುತ್ತಾರೆ, ಡಿಗ್ರಿಯಿಂದ ಏನು ಸಿಕ್ಕಿತು ಎಂದು. ವೈನಿ ಸಿಕ್ಕರು ಎನ್ನುತ್ತೇನೆ. ಓದಲು ಬರುತ್ತದೆ, ತಿಳಿಯುವುದಿಲ್ಲ ಎಂದವಳ ಮೇಲೆ ಇದ್ದ ಒಂದೇ ಪ್ರೆಸ್ಸನ್ನು ಪಣಕ್ಕಿಟ್ಟು, ಒಂದು ವರ್ಷ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತವರು ಅವರು. ಒಮ್ಮೆಯೂ, ನಿನಗೆ ಬರುತ್ತದೋ ಇಲ್ಲವೋ ಎಂದು ಕೇಳಲಿಲ್ಲ.

ಕೊನೆಗೆ ಅವರನ್ನು ಬೆಳಗಾವಿಯ ದವಾಖಾನೆಗೆ ಸೇರಿಸಿದರು. ಮಗಳು ಸಾಂಗಲಿಯಿಂದ ಬಂದು ಜೊತೆಗಿದ್ದಳು. ನಾನು ಪ್ರೆಸ್ಸಿಗೆ ಕೀಲಿ ಹಾಕಿ ನೋಡಲು ಹೋದೆ. ಕಣ್ಣು ಬಿಟ್ಟು ನನ್ನನ್ನು ನೋಡಿದವರು ಮೊದಲು ಹೇಳಿದ್ದು, "ಪ್ರೆಸ್ ಯಾರ ಹಂತ್ಯಾಕ ಬಿಟ್ಟ ಬಂದಿ?"

"ಕೀಲಿ ಹಾಕೇನ್ರಿ ವೈನಿ."

"ಲಗ್ನದ ಸೀಜನ್‌ದಾಗ?"

"ನಿಮ್ಮನ್ನ ನೋಡಾಕ ಬಂದೇನ್ರಿ."

"ನೋಡಿದ್ಯಲ್ಲ. ಹೋಗು. ಗಿರಾಕಿ ಬಂದ ಕೀಲಿ ನೋಡಿ ಸಂಕೇಶ್ವರಕ್ಕ ಹೋದ್ರ ತಿರುಗಿ ಬರೂದಿಲ್ಲ ಅಂವ."

ಮಗಳು ಅವ್ವನನ್ನು ಬೈದಳು. ಅವರು ಮುಖ ಆ ಕಡೆ ತಿರುಗಿಸಿದರು. ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿಯೇ ಬಸ್ಸು ಹತ್ತಿದೆ. ಹುಕ್ಕೇರಿಗೆ ಬಂದಾಗ ಪ್ರೆಸ್ಸಿನ ಕಟ್ಟೆಯ ಮೇಲೆ ಕಣಗಲಾ ಊರಿನ ಹಿರಿಯರೊಬ್ಬರು ನಿಜವಾಗಿಯೂ ಕುಳಿತಿದ್ದರು. ಕೈಯಲ್ಲಿ ಅರಿಷಿಣ ಹಚ್ಚಿದ ಹಾಳೆ, ಮಗನ ಲಗ್ನ. ಬಾಗಿಲು ತೆಗೆದು ಅವರನ್ನು ಕೂರಿಸಿ, ಕಂಪ್ಯೂಟರ್ ಹಚ್ಚಿ, ಮೇಲೆ ಕುಲದೇವರ ಹೆಸರು ಬರೆಯುತ್ತಿದ್ದಾಗ ದವಾಖಾನೆಯಿಂದ ಮಗಳ ಫೋನು ಬಂತು. ವೈನಿ ಹೋಗಿಬಿಟ್ಟಿದ್ದರು.

ಈಗ ಪ್ರೆಸ್ಸು ಮುಚ್ಚಬೇಕೋ, ಹಿಡಿದ ಕೆಲಸ ಮುಗಿಸಿ ಮುಚ್ಚಬೇಕೋ, ಮುಚ್ಚಿದರೆ ಎಷ್ಟು ದಿನ, ಒಂದೂ ತಿಳಿಯಲಿಲ್ಲ. ಇಂಥದ್ದನ್ನೆಲ್ಲ ನಾನು ಕೇಳುತ್ತಿದ್ದದ್ದು ಅವರನ್ನೇ.

"ಏನಾತ್ರಿ ಅಕ್ಕಾರ?" ಎಂದರು ಕಣಗಲಾದವರು.

ಹೇಳಿದೆ. ಅವರು ಎದ್ದು ನಿಂತು ಟೊಪ್ಪಿಗೆ ತೆಗೆದರು. ಟೇಬಲ್ಲಿನ ಮೇಲಿದ್ದ ತಮ್ಮ ಹಾಳೆಯನ್ನು ಕೈಗೆ ತೆಗೆದುಕೊಂಡರು. ಸ್ವಲ್ಪ ಹೊತ್ತು ಹಿಡಿದು ನಿಂತಿದ್ದು, ಮತ್ತೆ ಅಲ್ಲಿಯೇ ಇಟ್ಟರು.

"ಇದು ಇಲ್ಲೇ ಇರಲ್ರಿ. ಲಗ್ನಕ್ಕ ಇನ್ನ ದಿನಾ ಅದಾವ. ನೀವು ಬಾಗಲಾ ತಗದ ದಿನಾ ನಾ ಬರ್ತೇನಿ."